ಜ್ಞಾನಮ್ಮ ಹೆಣೆದ ಗರಿ

ನಾನು ಒಂದು ತೆಂಗಿನ ಗರಿ. ಊರಿನ ಜಗಲಿಗಳ ಮೇಲೆಲ್ಲ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ ಬೇಸಿಗೆಯಲ್ಲಿ, ಎಲ್ಲರೂ ಗರಿ ಹಿಡಿದು ಪೂಜೆಗೆ ಹೋಗುವ ಗರಿಗಳ ಭಾನುವಾರದ ಹಿಂದಿನ ದಿನ, ಫಾದರಿಗೆ ನೆರವಾಗುವ ಚರ್ಚಿನ ಉಪದೇಶಿ ಇನ್ನಾಸಪ್ಪ ನನ್ನನ್ನು ಮರದಿಂದ ಕೊಯ್ದು ತಂದ. ಮರುದಿನ ಪೂಜೆ ಮುಗಿದ ಮೇಲೆ ಅವನ ತಾಯಿ ಜ್ಞಾನಮ್ಮ, ಹುಣಸೆಯ ಕಪ್ಪು ಹೋಗದ ಬೆರಳುಗಳಲ್ಲಿ ನನ್ನನ್ನು ಶಿಲುಬೆಯಾಗಿ ಹೆಣೆದು, "ಇದು ಲೂರ್ದಿಗೆ" ಎಂದಳು.

ಲೂರ್ದಮ್ಮ ಅವಳ ಹಿರಿಮಗಳು. ಅದೇ ಊರಿನ ಕೆಳಗಿನ ಬೀದಿಗೆ ಕೊಟ್ಟಿದ್ದರು. ಅವಳ ಬಾಗಿಲ ಮೇಲೆ ನಾನು ಕೂತೆ. ಹಾಲು ಕರೆದು, ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಪಕ್ಕದ ಮನೆಯ ಮುದುಕನಿಗೆ ಗಂಜಿ ಕೊಟ್ಟು ಬಂದ ಮೇಲೆಯೇ ತಾನು ಉಣ್ಣುವ ಹೆಂಗಸು ಅವಳು.

ಮಳೆಗಾಲದಲ್ಲಿ ಅವಳು ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಾಗ ಜ್ಞಾನಮ್ಮ ತೀರಿಕೊಂಡಳು. ಸುದ್ದಿ ತಿಳಿದು ಲೂರ್ದಮ್ಮ ಕೊನೆಯ ಬಸ್ಸಿಗೆ ಬಂದಿಳಿಯುವಷ್ಟರಲ್ಲಿ ಇನ್ನಾಸಪ್ಪ ಮಣ್ಣು ಮಾಡಿ ಮುಗಿಸಿದ್ದ. ಅವಳಿಗೆ ತಾಯಿಯ ಮುಖ ಸಿಗಲಿಲ್ಲ, ಒಂದು ಹಿಡಿ ಮಣ್ಣು ಹಾಕುವುದೂ ಸಿಗಲಿಲ್ಲ. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ಏಳು ತಿಂಗಳು ಕಳೆದು, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಹತ್ತಿರ ಬಂತು. ಹಳೆಯ ಗರಿಗಳನ್ನು ಸುಟ್ಟು, ಆ ಬೂದಿಯನ್ನೇ ಉಪವಾಸದ ಮೊದಲ ದಿನ, ಬೂದಿ ಬುಧವಾರ, ಹಣೆಗೆ ಹಚ್ಚುವುದು ನಮ್ಮಲ್ಲಿನ ವಾಡಿಕೆ. ಗರಿ ಕೂಡಿಸಲು ಇನ್ನಾಸಪ್ಪ ಕುಕ್ಕೆ ಹಿಡಿದು ಬಂದು ಅಂಗಳದಲ್ಲೇ ನಿಂತ.

"ಅಕ್ಕಾ, ಗರಿ."

"ಅವ್ವನ ಮುಖಾನೂ ತೋರಿಸ್ನಿಲ್ಲ. ಅವಳು ಹೆಣೆದದ್ದನ್ನೂ ಸುಡೋಕೆ ಬಂದ್ಯಾ?"

ಅವನು ಕುಕ್ಕೆ ಕೆಳಗಿಟ್ಟ. "ಕತ್ತಲಾಗೋದ್ರೊಳಗೆ ಮುಗಿಸು ಅಂದ್ರು ಊರೋರು, ಕೇಳ್ಬಿಟ್ಟೆ. ನಿನ್ನ ಕಾಯಬೇಕಿತ್ತು. ತಪ್ಪು ನಂದೇ ಕಣಕ್ಕ."

ಅವನು ಕುಕ್ಕೆ ಎತ್ತಿಕೊಂಡು ಹೊರಟ.

ಅವಳು ನನ್ನನ್ನೇ ನೋಡುತ್ತ ನಿಂತಳು. ಇಷ್ಟು ದಿನ ನನ್ನನ್ನು ನೋಡಿದಾಗ ಅವಳ ಕಣ್ಣಿಗೆ ತಾಯಿ ಬರುತ್ತಿರಲಿಲ್ಲ, ತಮ್ಮನ ಮೇಲಿನ ಸಿಟ್ಟೇ ಬರುತ್ತಿತ್ತು. ಅದು ಆಗ ಅವಳಿಗೇ ಹೊಳೆಯಿತೇನೋ. ಮಣೆ ಹತ್ತಿ ನನ್ನನ್ನು ಇಳಿಸಿ, ಬರಿಗಾಲಲ್ಲಿ ಬೀದಿಗೆ ಓಡಿದಳು.

"ನಿಂತ್ಕೊಳ್ಳೋ!"

ತನ್ನ ಕೈಯಾರೆ ಕುಕ್ಕೆಗೆ ಹಾಕಿದಳು. ನೂರು ಮನೆಯ ಗರಿಗಳ ಜೊತೆ ನಾನೂ ಉರಿದು ಬೂದಿಯಾದೆ.

ಬುಧವಾರ ಚರ್ಚಿನಲ್ಲಿ ಎರಡು ಸಾಲು, ಒಂದು ಫಾದರ್ ಅವರದು, ಒಂದು ಉಪದೇಶಿಯದು. ಲೂರ್ದಮ್ಮ ತಮ್ಮನ ಸಾಲಿನಲ್ಲಿ ನಿಂತಳು. ಅವನು ಹೆಬ್ಬೆರಳಲ್ಲಿ ನನ್ನನ್ನು ತೆಗೆದು ಅವಳ ಹಣೆಗೆ ಒತ್ತಿ, "ನೀನು ಮಣ್ಣು..." ಎಂದವನು ಅಲ್ಲೇ ತಡೆದುಹೋದ.

"ಮಣ್ಣಿಗೇ ಸೇರ್ತೀಯ ಅನ್ನೋ," ಎಂದು ಪಿಸುಗುಟ್ಟಿದಳು ಅವಳು. "ಹಿಂದೆ ಜನ ಕಾಯ್ತಾವ್ರೆ."

ಸಂಜೆ ಅವಳು ಬಚ್ಚಲಲ್ಲಿ ಮುಖ ತೊಳೆದಾಗ ನಾನು ನೀರಿನೊಡನೆ ಹಿತ್ತಲ ಬದನೆಗಿಡದ ಬುಡಕ್ಕೆ ಹರಿದೆ. ತಂಪಾದ ಜಾಗ. ಒಳಗೆ ಅಕ್ಕನ ಮನೆಗೆ ಉಣ್ಣಲು ಬಂದಿದ್ದ ಇನ್ನಾಸಪ್ಪನ ಮಾತು ಕೇಳಿಸುತ್ತಿತ್ತು.

"ಗಂಜಿಗೆ ಉಪ್ಪು ಕಮ್ಮಿ ಆಯ್ತಲ್ಲಕ್ಕ."

"ಉಪವಾಸದ ದಿನಾನೂ ನಾಲಿಗೆ ನೋಡು ಇವನದು! ಸುಮ್ನೆ ಕುಡಿ."

ಅವನು ಅವಳಿಗೆ ಕೊಡಬೇಕಾಗಿದ್ದ ತಾಯಿಯ ಮುಖವನ್ನು, ಆ ಒಂದು ಹಿಡಿ ಮಣ್ಣನ್ನು ಆ ಸಂಜೆಯೂ ಕೊಡಲಿಲ್ಲ, ಕೊಡಲಾಗುವಂಥದ್ದೂ ಅಲ್ಲ ಅದು. ಅವಳೇ ಕೇಳುವುದನ್ನು ಬಿಟ್ಟು, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.