‘ಅಲ್ಲ’ ಎನ್ನಲು ಹಿಡಿದ ಹೊತ್ತು

ಮಾವನಿಗೆ ಸಕ್ಕರೆ ಕಾಯಿಲೆ, ಆದರೂ ಬಾಯಿಗೆ ಬೀಗವಿಲ್ಲ. ಬೀಗ ಇದ್ದದ್ದು ಬಿಸ್ಕತ್ತಿನ ಡಬ್ಬಿಗೆ. ಅದನ್ನು ತೆರೆಯಲು ತಿರುಗಿಸಬೇಕಾದ ನಾಲ್ಕು ಅಂಕಿ ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಊಟವಾದ ಮೇಲೆ ದಿನಕ್ಕೆ ಹತ್ತು ಊಹೆ, ಹೊಂದಿದರೆ ಒಂದು ಬಿಸ್ಕತ್ತು ಎಂದು ಒಪ್ಪಂದವಾಗಿತ್ತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಮಾವ ಅಂಕಿ ಬರೆದ ಚೀಟಿಯನ್ನು ಟರ್ರನೆ ಹರಿದು, “ಟಿಕೆಟ್, ಟಿಕೆಟ್!” ಎಂದು ಕೊಡುವರು. ಅತ್ತೆ ಓದಿ, “ಅಲ್ಲ” ಎಂದು ಹಿಂತಿರುಗಿಸುವರು.

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಸೊಸೆಗೆ ಇವತ್ತು ಇಬ್ಬರ ಆಟದ ಕಡೆ ಗಮನವಿರಲಿಲ್ಲ. ಆರು ವರ್ಷ ಕೆಲಸ ಬಿಟ್ಟಿದ್ದವಳು, ಸಂದೇಶಗಳನ್ನು ಗುಟ್ಟಾಗಿಡುವ ಒಂದು ಸಾಫ್ಟ್‌ವೇರ್ ಲೈಬ್ರರಿಗೆ ಮೊದಲ ಸಲ ಕೋಡು ಕಳಿಸಿದ್ದಳು. ಯಾರು ಬೇಕಾದರೂ ಓದಿ ತಿದ್ದಬಹುದಾದ ಲೈಬ್ರರಿ ಅದು. ಆಸ್ಪತ್ರೆಗಳಿಂದ ಸಹಾಯವಾಣಿಗಳವರೆಗೆ ಬಳಸುವವರು ಬಹಳ. ಬಂದ ಸಂದೇಶದ ಮೇಲಿನ ಅಕ್ಷರಗಳ ಮುದ್ರೆ ಅಸಲಿಯೇ ಎಂದು ನೋಡುವ ಹಳೆಯ ಕೋಡು, ಮೊದಲ ಅಕ್ಷರವೇ ತಪ್ಪಿದ್ದರೂ ಕೊನೆಯವರೆಗೆ ಹೋಲಿಸುತ್ತ ಕೂರುತ್ತಿತ್ತು. ‘ಪೆದ್ದು ಮುಂಡೇದು’ ಎಂದುಕೊಂಡು, ತಪ್ಪು ಸಿಕ್ಕ ಕೂಡಲೇ ನಿಲ್ಲುವಂತೆ ಅವಳು ನಾಲ್ಕು ಸಾಲು ಬದಲಿಸಿದ್ದಳು. ಇಂಥದ್ದನ್ನು ನೋಡಬೇಕಾದ, ಎಲ್ಲರೂ ಮೇಡಂ ಎನ್ನುವ ಹಿರಿಯರು ಜ್ವರದಿಂದ ಮಲಗಿದ್ದರು. ಬದಲಿಗೆ ಕೂತವರು ಪರೀಕ್ಷೆಗಳೆಲ್ಲ ಪಾಸಾದದ್ದು ನೋಡಿ ಒಪ್ಪಿಬಿಟ್ಟರು. ಇವತ್ತು ನಾಲ್ಕಕ್ಕೆ ಹೊಸ ಆವೃತ್ತಿ ಬಿಡುಗಡೆ. ಆ ನಾಲ್ಕು ಸಾಲು ನೋಡಿಯೇ ಒಂದು ಕಂಪನಿಯವರು ಅವಳನ್ನು ಸೋಮವಾರ ಸಂದರ್ಶನಕ್ಕೆ ಕರೆದಿದ್ದರು.

“ಅಯ್ಯೋ!” ಅತ್ತೆ ಕೂಗಿದರು. ಇವತ್ತಿನ ಏಳನೆಯ ಚೀಟಿ ಕೈಯಲ್ಲೇ ಉಳಿದಿತ್ತು, ನಾಲ್ಕೂ ಅಂಕಿ ಸರಿಯಿದ್ದವು. “ನಿಮಗೆ ಯಾರ್ರೀ ಹೇಳಿದ್ದು?”

“ನೀನೇ ಕಣೇ.” ಮಾವ ಇಲ್ಲದ ಸೆರಗನ್ನು ಸರಿಮಾಡಿಕೊಂಡು ಥೇಟ್ ಅತ್ತೆಯ ದನಿ ತೆಗೆದರು. “ಮೊದಲನೇ ಅಂಕಿನೇ ತಪ್ಪಿದ್ರೆ, ‘ಅಲ್ಲ!’ ಒಂದು ಸರಿಯಿದ್ರೆ, ‘ಊಂ... ಅಲ್ಲ.’ ಎರಡು ಸರಿಯಿದ್ರೆ ಕನ್ನಡಕ ಮೇಲೇರಿಸಿ, ‘ಊಂ... ಊಂಊಂ... ಅಲ್ಲಪ್ಪ.’ ಎಷ್ಟು ಹೊತ್ತು ತಗೋತೀಯ ಅಂತ ದಿನಾ ಎಣಿಸ್ತಾ ಕೂತೆ, ಒಂದೊಂದೇ ಅಂಕಿ ಸಿಕ್ತು. ತಾ ಬಿಸ್ಕತ್ತು!”

ಸೊಸೆ ನಗಲು ಹೊರಟವಳು ತಟ್ಟನೆ ಪರದೆಯ ಮೇಲಿನ ತನ್ನ ನಾಲ್ಕು ಸಾಲಿನತ್ತ ತಿರುಗಿದಳು. ಹಳೆಯ ಕೋಡು ಪೆದ್ದಾಗಿರಲಿಲ್ಲ, ಜಾಣವಾಗಿತ್ತು. ಎಲ್ಲಿ ತಪ್ಪಿದ್ದರೂ ಒಂದೇ ಹೊತ್ತು ತೆಗೆದುಕೊಂಡು ‘ಅಲ್ಲ’ ಎನ್ನುತ್ತಿತ್ತು. ತಾನು ಅದಕ್ಕೆ ಅತ್ತೆಯ ಬಾಯಿ ಕೊಟ್ಟಿದ್ದಳು! ಹೊತ್ತು ಅಳೆಯುವ ಕಳ್ಳನೊಬ್ಬ ಇನ್ನು ಒಂದೊಂದೇ ಅಕ್ಷರ ಕಂಡುಹಿಡಿದು ಸುಳ್ಳು ಮುದ್ರೆ ಒತ್ತಬಹುದು.

“ಏನಮ್ಮಾ, ಟಿಕೆಟ್ ಕಳಕೊಂಡವರ ಹಾಗೆ ಕೂತಿದ್ದೀಯಲ್ಲ?” ಎಂದರು ಮಾವ.

ಅವಳು ಹೇಳಿದಳು. ಗಡಿಯಾರದಲ್ಲಿ ಮೂರು ಹೊಡೆದಿತ್ತು. “ಸೋಮವಾರ ಕಳೆದ ಮೇಲೆ ಹೇಳಿದ್ರೆ ಆಗಲ್ವಾ ಮಾವ? ಅವರು ಕರೆದಿರೋದೇ ಇದಕ್ಕೆ.”

ಮಾವ ಗೆದ್ದ ಬಿಸ್ಕತ್ತನ್ನು ಕೆಳಗಿಟ್ಟರು. “ಬಾಗಿಲಲ್ಲಿ ಜನ ಹತ್ತುತ್ತಾ ಇದ್ದಾರೆ ಅಂದ್ರೆ ಬಸ್ಸು ಹೊರಡೋಕೆ ಮುಂಚೆ ನಿಲ್ಲಿಸೋ ಸೀಟಿ ಊದ್ಬೇಕಮ್ಮ. ಆಮೇಲೆ ಊದಿದ್ರೆ ಬಿದ್ದವರನ್ನ ಎತ್ತಬೇಕು, ಅಷ್ಟೇ.”

“ಊದು, ಊದು,” ಎಂದರು ಅತ್ತೆ. “ಗುಟ್ಟು ಬಿಟ್ಟುಕೊಟ್ಟವಳ ಸಂಕಟ ನಂಗೊತ್ತು.”

ಅವಳು ಟೈಪಿಸಿದಳು: ‘ಬಿಡುಗಡೆ ನಿಲ್ಲಿಸಿ. ನನ್ನ ಬದಲಾವಣೆ ತಪ್ಪು.’ ಕಾರಣವನ್ನೂ ಬರೆದಳು. ಕಂಪನಿಗೂ ಒಂದು ಮೇಲ್ ಹಾಕಿದಳು: ‘ನೀವು ಮೆಚ್ಚಿದ ಕೋಡು ಇನ್ನಿರುವುದಿಲ್ಲ. ಯಾಕೆಂದು ಕೆಳಗೆ ಬರೆದಿದ್ದೇನೆ.’ ಎರಡನೆಯದನ್ನು ಕಳಿಸುವಾಗ ಬೆರಳು ಸ್ವಲ್ಪ ತಡೆಯಿತು.

ಮೂರೂವರೆಗೆ ಹಾಸಿಗೆಯಿಂದಲೇ ಮೇಡಂ ಉತ್ತರಿಸಿದರು: ‘ಹಿಂದಕ್ಕೆ ತೆಗೆದೆವು. ಅಲ್ಲಿ ಬೇಕೆಂದೇ ನಿಧಾನ ಮಾಡಿದ್ದೇವೆಂದು ಒಂದು ಸಾಲು ಟಿಪ್ಪಣಿ ಹಾಕದಿದ್ದದ್ದು ನನ್ನ ತಪ್ಪು. ಆ ಸಾಲು ನೀವೇ ಬರೆಯಿರಿ. ಹೊತ್ತು ಅಳೆದು ನೋಡುವ ಪರೀಕ್ಷೆಯೂ ನಿಮ್ಮದೇ.’

ಸಂಜೆಯೊಳಗೆ ಎರಡನ್ನೂ ಕಳಿಸಿದಳು. ಕಂಪನಿಯಿಂದ ಮಾತ್ರ ಸದ್ದಿಲ್ಲ. ಅವಳು ಮತ್ತೆ ಮತ್ತೆ ಮೇಲ್ ತೆರೆದು ನೋಡುವುದನ್ನು ಕಂಡು ಮಾವ ಹತ್ತಿರ ಬಂದು, ಅತ್ತೆಗೆ ಕೇಳಿಸದಂತೆ ಪಿಸುಗುಟ್ಟಿದರು:

“ತಡ ಮಾಡ್ತಿದ್ದಾರೆ ಅಂದ್ರೆ ಒಳ್ಳೇದೇ ಕಣಮ್ಮಾ. ಎರಡು ಅಂಕಿಯಾದ್ರೂ ಸರಿಯಿರಬೇಕು.”