ಹೆಸರಿಲ್ಲದ ಕೈದಿಯ ಬಿಡುಗಡೆ

ದಮಾಸ್ಕಸ್ಸಿನ ನಮ್ಮ ಓಣಿಯಲ್ಲಿ ಒಂದು ವಾಡಿಕೆ ಇತ್ತು. ಕಾಫಿ ಅಂಗಡಿಯ ಕಥೆಗಾರ ನಾಯಕನನ್ನು ಸೆರೆಯಲ್ಲಿ ಬಿಟ್ಟು ಅವತ್ತಿನ ಕಥೆ ಮುಗಿಸುವಂತಿರಲಿಲ್ಲ. ಮುಗಿಸಿದರೆ ಕೇಳಿದವರು ಕಥೆಗಾರನ ಮನೆಗೇ ಹೋಗಿ, ಬಿಡಿಸಯ್ಯಾ ಎಂದು ಬಾಗಿಲು ಬಡಿಯುತ್ತಿದ್ದರು. ಕಥೆಗಾರರು ಹೋದರು, ವಾಡಿಕೆ ನನ್ನಜ್ಜಿಯಲ್ಲಿ ಉಳಿಯಿತು.

ಆ ವರ್ಷ ನನಗೆ ಆಧುನಿಕ ಅರಬ್ಬಿ ಸಾಹಿತ್ಯದ ಪರೀಕ್ಷೆ. ಗಟ್ಟಿಯಾಗಿ ಓದಿದರೇ ನನಗೆ ತಲೆಗೆ ಹತ್ತುವುದು. ಅಜ್ಜಿ ಬೆಂದ ಪುಟ್ಟ ಬದನೆಗಳಿಗೆ ಅಕ್ರೋಟು, ಕೆಂಪು ಮೆಣಸು ತುಂಬುತ್ತ ಕೇಳುತ್ತಿದ್ದಳು. ಪಠ್ಯದ ಕಾದಂಬರಿಯಲ್ಲಿ ಒಬ್ಬ ಕೈದಿ. ಅವನಿಗೆ ಹೆಸರಿರಲಿಲ್ಲ.

“ಹೆಸರಿಲ್ವಾ? ಇವನನ್ನ ತಾಯಿ ಹೆತ್ಲೋ, ಲೇಖನಿ ಹೆತ್ತಿತೋ?”

“ಈಗಿನ ಕಥೆಗಳು ಹೀಗೇ ಅಜ್ಜಿ.”

“ಹೆಸರಿಡೋಕೂ ಸೋಮಾರಿತನ! ನಾನಿಡ್ತೀನಿ ಬಿಡು. ನಿದಾಲ್.”

ನಿದಾಲ್ ಅಜ್ಜಿಯ ಕಿರಿಮಗ, ನನ್ನ ಚಿಕ್ಕಪ್ಪ. ನಾನು ಹುಟ್ಟುವ ಮುಂಚೆಯೇ ಅವನನ್ನು ಊರಾಚೆಯ ಸೆರೆಮನೆಗೆ ಒಯ್ದರಂತೆ. ಆಮೇಲೆ ಇದ್ದಾನೆಂದಾಗಲಿ ಇಲ್ಲವೆಂದಾಗಲಿ ಯಾರೂ ಹೇಳಲಿಲ್ಲ.

ಕೊನೆಯ ಪುಟದಲ್ಲಿ ಕೈದಿ ಗೋಡೆಗೆ ಮುಖಮಾಡಿ ಮಲಗುತ್ತಾನೆ. ನಾನು ಪುಸ್ತಕ ಮುಚ್ಚಿದೆ.

“ಮುಂದೆ?”

“ಮುಗೀತು.”

“ಹುಡುಗ ಇನ್ನೂ ಒಳಗೇ ಇದಾನಲ್ಲೇ, ಅದ್ಹೇಗೆ ಮುಗಿಯುತ್ತೆ? ತೆಗಿ ಪುಸ್ತಕ!”

ಅವಳು ಬದನೆ ಕೆಳಗಿಟ್ಟು ಪುಸ್ತಕದತ್ತ ಕೈ ಚಾಚಿದಳು. ನನಗೆ ನೋಡಲಾಗಲಿಲ್ಲ. ಕೊನೆಯ ಖಾಲಿ ಹಾಳೆ ತೆರೆದು ಓದಿದಂತೆ ಮಾಡಿದೆ: ಬಾಗಿಲು ತೆರೆಯಿತು, ಪಾರಿವಾಳಗಳು ಹಾರಿದವು, ಬಿಸಿ ರೊಟ್ಟಿಯ ಘಮ ಹಿಡಿದು ಅವನು ಮನೆ ಸೇರಿದ. ಎಲ್ಲ ಅಜ್ಜಿಯ ಕಥೆಗಳಿಂದಲೇ ಕದ್ದದ್ದು.

ಅಜ್ಜಿ ಮೆಲ್ಲಗೆ ಕೈ ಒರೆಸಿಕೊಂಡಳು. “ಇದು ಸರ್ಕಾರದೋರು ಅಚ್ಚು ಹಾಕ್ಸಿದ್ದು ತಾನೆ?”

“ಹೂಂ, ಕಾಲೇಜಿನ ಪಠ್ಯ.”

“ಹಾಗಾದ್ರೆ ಬಿಡ್ತಾ ಇದಾರೆ ಅಂತಾಯ್ತು. ಬಿಡದಿದ್ರೆ ಮಕ್ಕಳ ಪಾಠಕ್ಕೆ ಹಾಕ್ತಿದ್ರಾ?”

“ಅಜ್ಜಿ, ಇದು ಬರೀ ಕಥೆ.”

“ಕಥೆ ನಾನು ಹೇಳೋದು. ಇದು ಪಾಠ.”

ಅವಳು ಪೆಟ್ಟಿಗೆ ತೆರೆದು ಚಿಕ್ಕಪ್ಪನ ಬಿಳಿ ಅಂಗಿ ತೆಗೆದಳು. ನಾನು ಅವಳ ತೋಳು ಹಿಡಿದೆ. “ಅದನ್ನ ನಾನೇ ಕಟ್ಟಿ ಹೇಳಿದ್ದು ಅಜ್ಜಿ. ಹಾಳೆ ಖಾಲಿ, ನೋಡು!”

ಪೊರೆ ಬಂದ ಕಣ್ಣಿಗೆ, ಅಕ್ಷರ ಕಲಿಯದವಳಿಗೆ, ಎಲ್ಲ ಹಾಳೆಯೂ ಒಂದೇ. ಅವಳು ನಕ್ಕುಬಿಟ್ಟಳು. “ಅಂಥಾ ಮಾತು ಕಟ್ಟೋಕೆ ನಿನಗೆಲ್ಲಿ ಬರುತ್ತೆ, ಕಳ್ಳಿ! ಹೋಗು, ಟ್ಯಾಕ್ಸಿ ಕರಿ.”

ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಹೊಸ್ತಿಲ ಮೇಲೆ ಕೂತು ಕಾಲರಿನ ಸುಕ್ಕು ತೀಡತೊಡಗಿದಳು.

“ರಿಹಾಬ್, ಯಾವ ಬಾಗಿಲಿಂದ ಬಿಟ್ರಂತೆ? ಮುಂದಿನದೋ, ಹಿಂದಿನದೋ? ಸರಿಯಾಗಿ ಓದಿ ಹೇಳು ತಾಯಿ, ಅವನು ಒಂದು ಕಡೆ ಬಂದು ನಾನೊಂದು ಕಡೆ ನಿಂತಿರಬಾರದು.”

ನಾನು ಮತ್ತೆ ಆ ಖಾಲಿ ಹಾಳೆ ತೆರೆದೆ.