ಅಕ್ಕನ ಕಂಪ್ಯೂಟರಿನ ವೇಗ

ಅಮೃತಹಳ್ಳಿಯ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆದುಕೊಡುತ್ತಿದ್ದ ಶಾಂತಲಾಗೆ ತನ್ನ ಕಂಪ್ಯೂಟರ್ ನಿಧಾನವೆಂಬುದೊಂದೇ ದೂರು. ಹೊಸದು ಬೇಡ, ಇದನ್ನೇ ಓಡಿಸಿ ತೋರಿಸುತ್ತೇನೆಂದ ತಮ್ಮ ಮಹೇಂದ್ರ. ಭಾನುವಾರ ಯಲಹಂಕದಿಂದ ಬಂದವನೇ ಪ್ರೊಸೆಸರಿನ ವೇಗವನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಮೇಲಕ್ಕೇರಿಸಿದ, ಮೆಮೊರಿಯನ್ನೂ ಮಿತಿ ಮೀರಿ ಓಡಿಸಿದ. ಪರೀಕ್ಷೆಗೆ ಹಚ್ಚಿದಾಗ ಆ ವೇಗಕ್ಕೆ ಮೆಮೊರಿ ಮಾಡುತ್ತಿದ್ದ ತಪ್ಪುಗಳು ತೆರೆಯ ಮೇಲೆ ಕೆಂಪಗೆ ಮೂಡಿದವು. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ವೇಗ ಇಳಿಸಿದರೆ ತನ್ನ ಜಂಬವೂ ಇಳಿಯುತ್ತಿತ್ತು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿ, ಎಲ್ಲ ಸರಿಯಾಗಿದೆ ಎಂದು ಎದ್ದುಹೋದ.

ಕಂಪ್ಯೂಟರ್ ನಿಜಕ್ಕೂ ಚುರುಕಾಯಿತು. ಶಾಂತಲಾ ಬಂದವರಿಗೆಲ್ಲ ತಮ್ಮನ ಕೈಚಳಕ ಹೇಳಿದ್ದೇ ಹೇಳಿದ್ದು.

ಆಗ ಅವಳು ಬರೆಯುತ್ತಿದ್ದುದು ಅದೇ ಊರಿನ ಆಂಜಿನಪ್ಪನವರ ಹಳೇ ತೊಟ್ಟಿಮನೆಯ ನಕ್ಷೆ. ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವವರಿದ್ದರು. ಅದಕ್ಕೆ ಮೊದಲು ಕಂಬ, ಗೂಡು, ಒಲೆಯ ಜಾಗ ಎಲ್ಲವನ್ನೂ ಅಳೆದು ಬರೆದಿಡಬೇಕೆಂಬುದು ಅವರ ತಾಯಿ ಸುಬ್ಬಮ್ಮನ ಆಸೆ. ನಕ್ಷೆ ಮುಗಿಯಿತು, ಅಳತೆಯ ಚೀಟಿಗಳು ಕಸಕ್ಕೆ ಹೋದವು, ಜೆಸಿಬಿ ಬಂದು ಮನೆಯನ್ನು ನೆಲಸಮ ಮಾಡಿತು. ಆಮೇಲೆ ಪ್ರಿಂಟ್ ತೆಗೆಯಲು ಹೋದರೆ ಫೈಲ್ ತೆರೆಯಲೇ ಇಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ ಪ್ರತಿಯೂ ಕೆಟ್ಟಿತ್ತು.

ಸುದ್ದಿ ಕೇಳಿದಾಗಲೇ ಮಹೇಂದ್ರನಿಗೆ ಕಾರಣ ಗೊತ್ತಾಯಿತು. ಓಡಿಬಂದು, ಅಕ್ಕ ಅಡುಗೆಮನೆಯಲ್ಲಿದ್ದಾಗ ಎಲ್ಲವನ್ನೂ ಮೊದಲಿನ ವೇಗಕ್ಕೆ ತಂದಿಟ್ಟ. ಕಂಪ್ಯೂಟರ್ ಸರಿಹೋಯಿತು, ಅಕ್ಕನಿಗೂ ಅಷ್ಟನ್ನೇ ಹೇಳಿದ. ಹೋದ ನಕ್ಷೆ ಮಾತ್ರ ಬರಲಿಲ್ಲ.

ಸಂಜೆ ಆಂಜಿನಪ್ಪ ತಾಯಿಯನ್ನು ಕರೆದುಕೊಂಡು ಬಂದರು. ಶಾಂತಲಾ ಕೈ ಹೊಸೆಯುತ್ತ, ಸೇವ್ ಮಾಡುವಾಗ ತಾನೇ ಏನೋ ತಪ್ಪು ಒತ್ತಿರಬೇಕೆಂದು ಮತ್ತೆ ಮತ್ತೆ ಕ್ಷಮೆ ಕೇಳಿದಳು. ತಮ್ಮ ಬಂದು ಕಂಪ್ಯೂಟರನ್ನಾದರೂ ಉಳಿಸಿಕೊಟ್ಟನೆಂದಳು.

ಸುಬ್ಬಮ್ಮ ಅವನತ್ತ ತಿರುಗಿ, "ನೀನಾರ ಇದ್ಯಲ್ಲಪ್ಪ, ಪುಣ್ಯ" ಅಂದರು.

ಮಹೇಂದ್ರನ ಮುಖ ಸುಟ್ಟಂತಾಯಿತು. ತಲೆ ತಗ್ಗಿಸಿಯೇ ಹೇಳಿದ: "ಅಕ್ಕಂದೇನೂ ತಪ್ಪಿಲ್ಲಮ್ಮ. ನಾನು ಸ್ಪೀಡ್ ಜಾಸ್ತಿ ಮಾಡಿದ್ದಕ್ಕೇ ಫೈಲ್ ಹಾಳಾಗಿದ್ದು. ತಪ್ಪು ಬರ್ತಿದೆ ಅಂತ ಅವತ್ತೇ ಕಂಪ್ಯೂಟರ್ ತೋರಿಸ್ತು. ನೋಡಿಯೂ ಸುಮ್ನಿದ್ದೆ."

ವಾಪಸ್ ತರುವ ದಾರಿ ಏನಾದರೂ ಇದೆಯೇ ಎಂದು ಆಂಜಿನಪ್ಪ ಕೇಳಿದರು. ಇಲ್ಲವೆಂದ ಮಹೇಂದ್ರ.

"ಬೈದ್ರೆ ಮನೆ ಎದ್ ಬತ್ತದಾ," ಎಂದರು ಸುಬ್ಬಮ್ಮ. "ಯಾವ್ದು ಎಲ್ಲಿತ್ತು ಅಂತ ನಂಗಿನ್ನಾ ಗ್ಯಾನ ಐತೆ. ಒಂದೊಂದಾಗಿ ಏಳ್ತೀನಿ, ಬರ್ಕೊಳವ್ವ."

ಶಾಂತಲಾ ಮುದುಕಿಗೆ ಕುರ್ಚಿ ಎಳೆದು ಕೊಟ್ಟು ಕಂಪ್ಯೂಟರಿನ ಮುಂದೆ ಕೂತಳು. ಅಂದಾಜಿನ ನಕ್ಷೆಯೊಂದು ಶುರುವಾಯಿತು. ತಾನೂ ಏನಾದರೂ ಮಾಡಲೇ ಎಂದು ಮಹೇಂದ್ರ ಕೇಳಿದ. ಬೇಡವೆಂಬಂತೆ ತಲೆಯಾಡಿಸಿದಳು. ಅವನು ಹೊರಟಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು:

"ತಪ್ಪಾಗಿದ್ದು ಆಯ್ತು ಬಿಡು. ನಾನು ಅಷ್ಟೊತ್ತು ಅವರ ಹತ್ರ ಕ್ಷಮೆ ಕೇಳ್ತಿದ್ದಾಗ ನೀನು ಹೆಂಗೋ ಸುಮ್ನೆ ನಿಂತಿದ್ದೆ?"

ಮಹೇಂದ್ರ ಗೇಟಿನ ಮುಂದೆ ಸದ್ದು ಮಾಡಲೂ ನಾಚಿಕೆಯಾಗಿ, ಬೈಕನ್ನು ರಸ್ತೆಯ ತಿರುವಿನವರೆಗೆ ತಳ್ಳಿಕೊಂಡೇ ಹೋದ.